ಪ್ರಶ್ನೆಯಕ್ಕ ಕೇಳದೆ ಬಿಟ್ಟ ಪ್ರಶ್ನೆ

ಆಸ್ಪತ್ರೆಯ ಕೆಳಗಿನ ಅಂತಸ್ತಿನಲ್ಲಿ, ರಕ್ತ ತೆಗೆಯುವ ಕೋಣೆಗೂ ಔಷಧಿ ಕೊಡುವ ಕಿಟಕಿಗೂ ನಡುವೆ ಒಂದು ಪುಟ್ಟ ಕೋಣೆಯಿತ್ತು. ಹಿಂದೆ ಅಲ್ಲಿ ಮುರಿದ ಗಾಲಿಕುರ್ಚಿಗಳನ್ನು ಒಟ್ಟುತ್ತಿದ್ದರು. ಈಗ ಒಂದು ಮೇಜು, ಎರಡು ಕುರ್ಚಿ, ಬಾಗಿಲಿಗೊಂದು ಹಸಿರು ಪರದೆ. ಅಲ್ಲಿ ಕೂತು ಕೆಲಸ ಮಾಡುವವಳ ಹುದ್ದೆಗೆ ಕಾಗದದ ಮೇಲೆ ಮಾರುದ್ದದ ಹೆಸರಿದ್ದರೂ ಅದನ್ನು ನೆನಪಿಟ್ಟುಕೊಂಡವರು ಒಬ್ಬರೂ ಇರಲಿಲ್ಲ. ಬಂದವರೆಲ್ಲ ಅವಳನ್ನು ಪ್ರಶ್ನೆಯಕ್ಕ ಎಂದೇ ಕರೆಯುತ್ತಿದ್ದರು. ಅವಳಿಗೂ ಅದೇ ಇಷ್ಟವಾಗಿತ್ತು.

ಅವಳ ಕೆಲಸ ಕೇಳುವುದು. ತಲೆಸುತ್ತು, ಎದೆನೋವು, ಹೊಟ್ಟೆಯುರಿ, ಕೈ ಜೋಮು ಎಂದು ಬಂದವರನ್ನು ಡಾಕ್ಟರುಗಳು ನೋಡಿ, ಮಾಡಿಸಬೇಕಾದ ಪರೀಕ್ಷೆಯೆಲ್ಲ ಮಾಡಿಸಿ, ಕೊನೆಗೆ ಇವಳ ಹತ್ತಿರ ಕಳಿಸುತ್ತಿದ್ದರು. ನೋವು ಎಲ್ಲಿ, ಯಾವಾಗಿನಿಂದ ಎಂದು ಕೇಳಲು ಬೇರೆಯವರಿದ್ದರು. ಆ ನೋವಿನಿಂದ ಮನಸ್ಸು ಎಷ್ಟು ನೊಂದಿದೆ ಎಂಬುದು ಇವಳ ಹಾಳೆಯಲ್ಲಿದ್ದ ಪ್ರಶ್ನೆ. ಇದರ ಬಗ್ಗೆ ದಿನಾ ಎಷ್ಟು ಯೋಚಿಸುತ್ತೀರಿ? ಇದು ದೊಡ್ಡ ಕಾಯಿಲೆಯೇ ಇರಬೇಕು ಎಂದು ಎಷ್ಟು ಭಯವಾಗುತ್ತದೆ? ಇದಕ್ಕೆ ಹೆದರಿ ಮಾಡುವ ಕೆಲಸವನ್ನು ಎಷ್ಟು ಬಿಟ್ಟಿದ್ದೀರಿ? ಪ್ರತಿಯೊಂದರ ಮುಂದೆ ಐದು ಚೌಕ: ಇಲ್ಲವೇ ಇಲ್ಲ, ಸ್ವಲ್ಪ, ಸಾಕಷ್ಟು, ಬಹಳ, ವಿಪರೀತ. ಇಲ್ಲವೇ ಇಲ್ಲ ಅಂದರೆ ಸೊನ್ನೆ, ವಿಪರೀತ ಅಂದರೆ ನಾಲ್ಕು. ಕೊನೆಗೆ ಕೂಡಿ ನೋಡಿ, ಮೊತ್ತ ಗೆರೆ ದಾಟಿದರೆ ರೋಗಿಯನ್ನು ಮಹಡಿಯ ಮೇಲಿನ ಮನಸ್ಸಿನ ಡಾಕ್ಟರಮ್ಮನ ಹತ್ತಿರ ಕಳಿಸಬೇಕು, ದಾಟದಿದ್ದರೆ ಮನೆಗೆ.

ಈ ಹಾಳೆಯನ್ನು ಆಸ್ಪತ್ರೆಗೆ ತಂದವರು ದೊಡ್ಡ ಡಾಕ್ಟರು. "ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಹಾಗೆ ಕೆಲವರಿಗೆ ಕಾಯಿಲೆಗಿಂತ ಅದರ ಚಿಂತೆಯೇ ಭಾರ. ಜ್ವರ ಅಳೆಯೋಕೆ ಕಡ್ಡಿ ಇದೆ. ಚಿಂತೆ ಅಳೆಯೋಕೆ ಇದೊಂದೇ ಇರೋದು," ಎಂದು ಅವರು ಮೊದಲ ದಿನವೇ ಹೇಳಿದ್ದರು. ಹಾಳೆಯ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಒಂದು ಸೂಚನೆಯಿತ್ತು. ರೋಗಿ ತಾನೇ ಓದಿ ತಾನೇ ಗುರುತು ಹಾಕಬೇಕು. ಓದಲಾಗದವರಿಗೆ ಇದ್ದದ್ದನ್ನು ಇದ್ದ ಹಾಗೆ ಓದಿ ಹೇಳಬೇಕು. ಒಂದು ಮಾತು ಸೇರಿಸಬಾರದು, ಒಂದು ಮಾತು ಬಿಡಬಾರದು.

ಈ ಸೂಚನೆ ಕಂಡರೆ ಪ್ರಶ್ನೆಯಕ್ಕನಿಗೆ ಮೈಯುರಿ. ನೀವೇ ಹೇಳಿ, ಹೆದರಿ ಬಿಳಿಚಿಕೊಂಡು ಕೂತ ಮನುಷ್ಯನ ಮುಂದೆ "ನೀವು ಸಾಯುತ್ತೀರಿ ಎಂಬ ಭಯ ಎಷ್ಟಿದೆ, ಸ್ವಲ್ಪವೋ ಬಹಳವೋ" ಎಂದು ಓದುವುದು ಮನುಷ್ಯರು ಆಡುವ ಮಾತೇ? ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅಂತ ಗಾದೆಯೇ ಇಲ್ಲವೇ? ಆದ್ದರಿಂದ ಅವಳು ತನ್ನದೇ ಒಂದು ದಾರಿ ಹಿಡಿದಿದ್ದಳು. ಪೆನ್ನು ರೋಗಿಯ ಕೈಗೆ ಕೊಡುತ್ತಿರಲಿಲ್ಲ. ಓದು ಬರುವವರಾದರೂ ಸರಿ, "ಕೊಡಿ ಇಲ್ಲಿ, ನಿಮಗ್ಯಾಕೆ ತೊಂದರೆ" ಎಂದು ತಾನೇ ಹಿಡಿದುಕೊಳ್ಳುತ್ತಿದ್ದಳು. ಮೊದಲು ಅವರ ಕೈ ಮುಟ್ಟಿ, "ಏನೂ ಆಗಲ್ಲ, ಸುಮ್ನಿರಿ" ಎನ್ನುತ್ತಿದ್ದಳು. ಅದಾದ ಮೇಲೆ ಪ್ರಶ್ನೆ. ಬಿಸಿ ಹಾಲನ್ನು ಆರಿಸಿ ಮಗುವಿಗೆ ಕುಡಿಸುವ ಹಾಗೆ ಒಂದೊಂದನ್ನೂ ಆರಿಸಿ ಕೊಡುತ್ತಿದ್ದಳು.

ಜನಕ್ಕೂ ಅವಳೆಂದರೆ ಪ್ರಾಣ. ಒಮ್ಮೆ ಗಂಟಲುರಿಯ ಒಬ್ಬ ಹೆಂಗಸು ಬಂದಿದ್ದಳು. ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಹಚ್ಚುವವಳು. ಬೆರಳ ತುದಿಯೆಲ್ಲ ಸೂಜಿ ಚುಚ್ಚಿ ಗಟ್ಟಿಯಾಗಿತ್ತು. "ಇದು ಗಂಟಲಿನ ದೊಡ್ಡ ಕಾಯಿಲೆ ಅಂತೆಲ್ಲ ಭಯ ಪಟ್ಕೋಬಾರದು, ಕ್ಯಾಮೆರಾ ಹಾಕಿ ನೋಡಿದ್ದಾರಲ್ಲ, ಏನೂ ಇಲ್ಲ. ಭಯ ಇಲ್ಲ ತಾನೇ?" ಎಂದು ಇವಳು ಕೇಳಿದಾಗ ಆಕೆ ಇವಳ ಮುಖವನ್ನೇ ನೋಡಿ "ಇಲ್ಲಕ್ಕಾ" ಎಂದಳು. ಎಲ್ಲದಕ್ಕೂ ಇಲ್ಲಕ್ಕಾ. ಎದ್ದು ಹೋಗುವಾಗ ಪರದೆಯನ್ನು ಹಿಡಿದು ಸ್ವಲ್ಪ ಹೊತ್ತು ಅಲ್ಲೇ ನಿಂತಳು. "ಏನಮ್ಮಾ?" ಎಂದರೆ, "ಏನಿಲ್ಲಕ್ಕಾ, ನೀವು ತುಂಬಾ ಒಳ್ಳೇವರು" ಎಂದು ಹೊರಟುಹೋದಳು. ಪ್ರಶ್ನೆಯಕ್ಕನಿಗೆ ಅವತ್ತೆಲ್ಲ ಮನಸ್ಸು ತುಂಬಿಕೊಂಡಿತ್ತು.

ಆ "ಏನೂ ಆಗಲ್ಲ, ಸುಮ್ನಿರು" ಎಂಬ ಮಾತು ಅವಳದ್ದಲ್ಲ, ಅವಳ ಅಣ್ಣನದ್ದು. ಇವಳಿನ್ನೂ ಅಂಗಿಯ ಗುಂಡಿ ತಾನೇ ಹಾಕಿಕೊಳ್ಳಲಾರದಷ್ಟು ಚಿಕ್ಕವಳಿದ್ದಾಗ ಅಪ್ಪ ತೀರಿಕೊಂಡಿದ್ದ. ಮನೆ ತುಂಬ ಜನ, ಅಳು, ಯಾರದೋ ಚಪ್ಪಲಿಗಳ ರಾಶಿ. ಅಣ್ಣ, ಅವನಿಗೂ ಆಗಿನ್ನೂ ಮೀಸೆ ಚಿಗುರುತ್ತಿದ್ದ ವಯಸ್ಸು, ಇವಳನ್ನು ಎತ್ತಿಕೊಂಡು ಹಿತ್ತಿಲಿಗೆ ಹೋಗಿ, ಬೆನ್ನು ತಟ್ಟುತ್ತಾ, "ಏನೂ ಆಗಲ್ಲ ಪುಟ್ಟಿ, ಸುಮ್ನಿರು, ನಾನಿದ್ದೀನಲ್ಲ" ಎಂದಿದ್ದ. ಆಗುವುದೆಲ್ಲ ಆಗಿಹೋಗಿತ್ತು. ಆದರೂ ಇವಳು ನಂಬಿದಳು, ಅಳು ನಿಲ್ಲಿಸಿದಳು, ಅವನ ಹೆಗಲ ಮೇಲೇ ನಿದ್ದೆ ಹೋದಳು. ಅಂದಿನಿಂದ ಅವಳ ಪಾಲಿಗೆ ಅದಕ್ಕಿಂತ ದೊಡ್ಡ ಮದ್ದು ಇರಲಿಲ್ಲ.

ಅಣ್ಣ ಬಸ್ಸಿನ ಡ್ರೈವರಾದ. ಮಾತಿನ ಮಲ್ಲ, ಬಸ್ಸು ಹತ್ತಲು ಓಡಿ ಬರುವ ಮುದುಕರಿಗೆ "ನಿಧಾನ ಬನ್ನಿ ಅಜ್ಜಾ, ಬಸ್ಸು ನಿಮ್ಮದೇ" ಎನ್ನುವವನು. ಅವನಿಗೆ ಹೆದರಿಕೆ ಎಂಬುದೇ ಗೊತ್ತಿಲ್ಲ ಎಂದು ಮನೆಯಲ್ಲಿ ಎಲ್ಲರೂ ಹೇಳಿಕೊಳ್ಳುತ್ತಿದ್ದರು. ಅಂಥವನಿಗೆ ಈ ವರ್ಷ ಏನೋ ಶುರುವಾಯಿತು. ಗಾಡಿ ಓಡಿಸುತ್ತಿದ್ದ ಹಾಗೆ ಎದೆ ಡವಡವ ಹೊಡೆದುಕೊಳ್ಳುವುದು, ಎಡಗೈ ಜೋಮು, ಕುತ್ತಿಗೆಯವರೆಗೂ ಬೆವರು. ಅತ್ತಿಗೆ ಹಟ ಹಿಡಿದು ಆಸ್ಪತ್ರೆಗೆ ಎಳೆದು ತಂದಳು. ಹೃದಯದ ಡಾಕ್ಟರು ತಂತಿ ಅಂಟಿಸಿ ನೋಡಿದರು, ಉರುಳುವ ಪಟ್ಟಿಯ ಮೇಲೆ ಓಡಿಸಿ ನೋಡಿದರು. ಎಲ್ಲ ನಾರ್ಮಲ್. ಮತ್ತೆ ಬಸ್ಸು ಓಡಿಸಬಹುದು ಎಂದು ಡಿಪೋಗೆ ಕಾಗದ ಬೇಕಿತ್ತು. ಅದಕ್ಕೆ ಸಹಿ ಬೀಳುವ ಮುಂಚೆ ಪ್ರಶ್ನೆಗಳ ಹಾಳೆಯೂ ತುಂಬಬೇಕಿತ್ತು.

"ನಿಮ್ಮ ಅಣ್ಣನನ್ನ ನೀವೇ ಕೇಳೋದು ಬೇಡ, ಡಾಕ್ಟರಮ್ಮನ ಹತ್ತಿರ ಕಳಿಸಿ," ಎಂದರು ದೊಡ್ಡ ಡಾಕ್ಟರು.

"ಅಯ್ಯೋ ಬಿಡಿ ಸಾರ್, ಅವನು ಹೊರಗಿನವರ ಹತ್ತಿರ ಬಾಯಿ ಬಿಡೋ ಆಸಾಮಿ ಅಲ್ಲ. ನಾನು ಕೇಳಿದ್ರೆ ಹೇಳ್ತಾನೆ," ಎಂದಳು ಪ್ರಶ್ನೆಯಕ್ಕ. ಅವರಿಗೂ ಅವಸರವಿತ್ತು. ಹ್ಞೂಂ ಅಂದುಬಿಟ್ಟರು.

ಅಣ್ಣ ಪರದೆ ಸರಿಸಿ ಒಳಗೆ ಬಂದು, ಎದುರಿನ ಕುರ್ಚಿಯಲ್ಲಿ ಕೂತ. ಅಷ್ಟು ದೊಡ್ಡ ಆಳು ಆ ಕುರ್ಚಿಯಲ್ಲಿ ನೆಂಟರ ಮನೆಗೆ ಬಂದವನ ಹಾಗೆ ಮೈ ಮುದುಡಿಕೊಂಡಿದ್ದ.

"ಏನಣ್ಣಾ, ಹೃದಯ ಕಬ್ಬಿಣದ ಗುಂಡಿನ ಹಾಗಿದೆಯಂತೆ!"

"ಹಾಗಂತಾರೆ."

"ಅಂತಾರೆ ಅಂದ್ರೇನು? ಇದೆ. ಈಗ ನಾನೂ ನಾಲ್ಕು ಪ್ರಶ್ನೆ ಕೇಳಿ ಶಾಸ್ತ್ರ ಮುಗಿಸ್ತೀನಿ, ನಾಳೆಯಿಂದ ಗಾಡಿ ಹತ್ತು."

ಅಣ್ಣ ಜೇಬಿನಿಂದ ಕನ್ನಡಕ ತೆಗೆಯಲು ಹೋದ. "ಅದೆಲ್ಲ ಯಾಕೆ, ಕೊಡಿಲ್ಲಿ" ಎಂದು ಅವಳು ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು.

"ಇದರ ಬಗ್ಗೆ ದಿನಾ ಎಷ್ಟು ಯೋಚಿಸ್ತೀಯ ಅಂತ. ನಿನಗೆಲ್ಲಿ ಪುರುಸೊತ್ತು!"

ಅಣ್ಣ ನಕ್ಕ. "ಸ್ವಲ್ಪ ಅಂತ ಹಾಕು."

"ದೊಡ್ಡ ಕಾಯಿಲೆ ಅಂತ ಭಯ? ಅಯ್ಯೋ, ಎಲ್ಲಾ ರಿಪೋರ್ಟೂ ಚೆನ್ನಾಗಿದೆ, ಏನೂ ಆಗಲ್ಲ. ಇಲ್ಲ ಅಂತ ಹಾಕ್ತೀನಿ."

"ಹ್ಞೂಂ."

"ಇದಕ್ಕೆ ಹೆದರಿ ಕೆಲಸ ಬಿಡಬೇಕು ಅಂತ? ನೀನು ಕೆಲಸ ಬಿಟ್ಟು ಮನೇಲಿ ಕೂತ್ರೆ ಅತ್ತಿಗೆ ಮನೆ ಬಿಟ್ಟು ಓಡಿಹೋಗ್ತಾರೆ!"

ಈ ಸಲ ಅಣ್ಣ ನಗಲಿಲ್ಲ. ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತಾ, "ಅದಲ್ಲ ಪುಟ್ಟಿ, ಸೇತುವೆ ಹತ್ತೋವಾಗ ಏನಾಗುತ್ತೆ ಅಂದ್ರೆ…" ಎಂದು ಶುರು ಮಾಡಿದ.

ನಿಜ ಹೇಳಬೇಕೆಂದರೆ ಆ ಕೋಣೆಯಲ್ಲಿ ಆಗ ಹೆದರಿದ್ದವನು ಅವನೊಬ್ಬನೇ ಅಲ್ಲ. ಅಣ್ಣನೇ ಹೆದರಿದ್ದಾನೆ ಎಂದಾದರೆ, ಇಷ್ಟು ವರ್ಷ ಅವನ ಬೆನ್ನಿಗಂಟಿಕೊಂಡು ಬದುಕಿದ ತಾನು ಎಲ್ಲಿ ನಿಲ್ಲಬೇಕು? ಅವಳು ತಟಕ್ಕನೆ ಅವನ ಕೈ ಹಿಡಿದು, "ಏನೂ ಆಗಲ್ಲಣ್ಣ, ಸುಮ್ನಿರು. ನಾನಿದ್ದೀನಲ್ಲ," ಎಂದಳು. ಅಣ್ಣ ಅವಳ ಮುಖ ನೋಡಿದ. ಆಮೇಲೆ "ಸರಿ ಬಿಡು" ಎಂದ.

ಉಳಿದದ್ದೆಲ್ಲ ಸಲೀಸಾಗಿ ಸಾಗಿತು. ಹಾಳೆಯ ಕೊನೆಯ ಪ್ರಶ್ನೆ ಹೀಗಿತ್ತು: ನಿಮ್ಮ ಭಯವನ್ನು ಹತ್ತಿರದವರ ಬಳಿ ಹೇಳಿಕೊಳ್ಳಲು ಎಷ್ಟು ಕಷ್ಟವಾಗುತ್ತಿದೆ? ಇದನ್ನು ಅವಳು ಓದಲೇ ಇಲ್ಲ. ಹತ್ತಿರದವಳು ಎದುರಿಗೇ ಕೂತಿರುವಾಗ ಏನು ಕಷ್ಟ? ಸೊನ್ನೆಯ ಚೌಕದಲ್ಲಿ ತಾನೇ ಗುರುತು ಹಾಕಿ, ಕೂಡಿ, ಮೊತ್ತ ಬರೆದಳು. ಗೆರೆಯ ಹತ್ತಿರಕ್ಕೂ ಬಂದಿರಲಿಲ್ಲ. ಸಂಜೆಯೊಳಗೆ ದೊಡ್ಡ ಡಾಕ್ಟರ ಸಹಿ ಬಿತ್ತು. ಅಣ್ಣ ಡಿಪೋಗೆ ಹೋದ.

ಕೆಲವು ದಿನ ಕಳೆದ ಮೇಲೆ, ಬೆಳಗಿನ ಗಿಜಿಗಿಜಿಯ ಹೊತ್ತಿನಲ್ಲಿ, ಅಣ್ಣನ ಬಸ್ಸಿನ ಕಂಡಕ್ಟರ್ ಅವಳಿಗೆ ಫೋನ್ ಮಾಡಿದ. "ಬೇಗ ಬನ್ನಿ ಅಕ್ಕಾ. ಸೇತುವೆ ಹತ್ರ. ಅಣ್ಣಂಗೆ ಏಟೇನೂ ಆಗಿಲ್ಲ. ಆದ್ರೆ ಮಾತೇ ಆಡ್ತಿಲ್ಲ."

ಪ್ರಶ್ನೆಯಕ್ಕ ಸರದಿಯಲ್ಲಿದ್ದವರನ್ನು ಅಲ್ಲೇ ಬಿಟ್ಟು ಆಟೋ ಹಿಡಿದು ಓಡಿದಳು. ಹೊಳೆಯ ಮೇಲಿನ ಸೇತುವೆ ಏರುವ ಮುಂಚೆ ರಸ್ತೆ ಅಗಲವಾಗುವ ಕಡೆ, ಟೈರ್ ಅಂಗಡಿಯ ಎದುರು, ಬಸ್ಸು ನೀಟಾಗಿ ಎಡಕ್ಕೆ ನಿಂತಿತ್ತು. ಅಪಘಾತವಿಲ್ಲ, ಗಾಜು ಒಡೆದಿರಲಿಲ್ಲ. ಅಣ್ಣ ಗಾಡಿಯನ್ನು ಪಕ್ಕಕ್ಕೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಆರಿಸಿ, ಕೀಲಿ ತೆಗೆದುಕೊಂಡು ಕೆಳಗಿಳಿದು ರಸ್ತೆಯಂಚಿನ ಕಲ್ಲಿನ ಮೇಲೆ ಕೂತುಬಿಟ್ಟಿದ್ದ. ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಕೀಲಿ ಮುಷ್ಟಿಯಲ್ಲಿತ್ತು.

ಸುತ್ತ ನಿಂತ ಪ್ರಯಾಣಿಕರ ಬಾಯಿಗೆ ಬೀಗವಿರಲಿಲ್ಲ. "ನಮಗೇನು ಕೆಲಸ ಬೊಗಸೆ ಇಲ್ವಾ?" "ಬೆಳಬೆಳಿಗ್ಗೆನೇ ಏರಿಸಿಕೊಂಡು ಬಂದಿದ್ದಾನೆ ನೋಡಿ." "ಇಂಥವರ ಕೈಗೆ ನಮ್ಮ ಜೀವ ಕೊಡ್ತಾರಲ್ಲ, ಅವರನ್ನ ಹಿಡಿದು ಬಾರಿಸಬೇಕು."

ಅಷ್ಟರಲ್ಲಿ ಡಿಪೋದ ಮೇಲ್ವಿಚಾರಕ ಬೈಕಿನಲ್ಲಿ ಬಂದಿಳಿದ. ಅಣ್ಣನನ್ನು ಬಹಳ ಕಾಲದಿಂದ ಬಲ್ಲವನು. ಚೀಲದಿಂದ ಉಸಿರು ಊದಿಸುವ ಯಂತ್ರ ತೆಗೆದು ಅಣ್ಣನ ಮುಂದೆ ಹಿಡಿದ. "ಊದಯ್ಯಾ. ಇವರ ಬಾಯಿ ಮುಚ್ಚಿಸೋಣ."

"ಊದಲ್ಲ," ಎಂದ ಅಣ್ಣ.

"ಹುಚ್ಚೇನಯ್ಯಾ ನಿಂಗೆ? ಊದದಿದ್ರೆ ಕುಡಿದ ಹಾಗೇ ಲೆಕ್ಕ. ಗೊತ್ತಲ್ಲ?"

"ಗೊತ್ತು. ಹಾಗೇ ಬರ್ಕೊಳ್ಳಿ."

ಪ್ರಶ್ನೆಯಕ್ಕ ಅಲ್ಲೇ ಬೊಬ್ಬೆಯಿಟ್ಟಳು. "ಅವನು ಜನ್ಮದಲ್ಲಿ ಮುಟ್ಟಿದವನಲ್ಲ ಸಾರ್! ಅಣ್ಣಾ, ಊದೋ! ಊದು ಅಂದೆ!" ಅಣ್ಣ ಅವಳ ಕಡೆ ತಿರುಗಲಿಲ್ಲ. ಮುಷ್ಟಿ ಬಿಚ್ಚಿ ಕೀಲಿಯನ್ನು ಮೇಲ್ವಿಚಾರಕನ ಕೈಯಲ್ಲಿಟ್ಟು, ಎದ್ದು, ಮನೆಯ ಕಡೆ ನಡೆದುಕೊಂಡೇ ಹೋದ. ಮೇಲ್ವಿಚಾರಕ ತಲೆ ಕೆರೆದುಕೊಂಡ. "ನೋಡಮ್ಮಾ, ಕುಡಿದು ಗಾಡಿ ನಿಲ್ಲಿಸಿದ ಅಂತ ಆದ್ರೆ ಕೆಲಸ ಉಳಿಯಲ್ಲ. ವಿಚಾರಣೆ ಸೋಮವಾರ. ಅಷ್ಟರೊಳಗೆ ಇವನ ಬಾಯಿ ಬಿಡಿಸು," ಎಂದ.

ಮನೆಯಲ್ಲಿ ಅತ್ತಿಗೆ ಕೆಂಡವಾಗಿದ್ದಳು. "ಕುಡಿಯೋದಂತೆ, ಇವರು! ಕೆಮ್ಮಿನ ಔಷಧಿ ಕುಡಿಸೋಕೆ ನಾನು ಕಾಲು ಹಿಡೀಬೇಕು. ಆ ವಾಸನೆಗೇ ಮುಖ ಸಿಂಡರಿಸೋ ಮನುಷ್ಯ ಕಣೇ ಇವರು. ಕೇಳಿದ್ರೆ ಮಾತಿಲ್ಲ ಕತೆಯಿಲ್ಲ, ಹಿತ್ತಿಲಿಗೆ ಹೋಗಿ ಬಟ್ಟೆ ಒಗೀತಾ ಕೂತಿದ್ದಾರೆ. ನೀನಾದ್ರೂ ಹೋಗಿ ಕೇಳು. ಕೇಳೋದೇ ನಿನ್ನ ಕೆಲಸ ಅಲ್ವಾ?"

ಅಣ್ಣ ನಲ್ಲಿಯ ಪಕ್ಕದ ಕಲ್ಲಿನ ಮೇಲೆ ತನ್ನ ಕೆಲಸದ ಅಂಗಿಯನ್ನು ಉಜ್ಜುತ್ತಿದ್ದ. ಅದರಲ್ಲಿ ಕೊಳೆಯೇನೂ ಉಳಿದಿರಲಿಲ್ಲ. ಪ್ರಶ್ನೆಯಕ್ಕ ಹೋಗಿ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು.

"ಯಾಕಣ್ಣಾ ಹೀಗ್ ಮಾಡ್ದೆ? ಊದಿದ್ರೆ ಗಂಟೇನು ಹೋಗ್ತಿತ್ತು?"

"ಊದಿದ್ರೆ ಕುಡಿದಿಲ್ಲ ಅಂತ ಬರ್ತಿತ್ತು. ಮತ್ಯಾಕೆ ಬಸ್ ನಿಲ್ಲಿಸಿದೆ ಅಂತ ಕೇಳ್ತಿದ್ರು. ಏನು ಹೇಳ್ಲಿ? ಹೃದಯ ಸರಿಯಿದೆ ಅಂತ ಡಾಕ್ಟರ ಕಾಗದ ಇದೆ. ಮನಸ್ಸಲ್ಲಿ ಭಯ ಇಲ್ಲ ಅಂತ ನಿನ್ನ ಕಾಗದ ಇದೆ. ಉಳಿದಿದ್ದು ಕುಡಿತ ಒಂದೇ."

"ಭಯ ಆಯ್ತು ಅಂತ ಇದ್ದದ್ದು ಹೇಳಬೇಕಿತ್ತು!"

"ಹೇಳಿದ್ರೆ ನಿನ್ನ ಕಾಗದ ಸುಳ್ಳಾಗ್ತಿತ್ತು. ಒಡಹುಟ್ಟಿದವನಿಗೆ ಸುಳ್ಳು ಕಾಗದ ಕೊಟ್ಟಳು ಅಂತ ನಿನ್ನನ್ನ ಮನೆಗೆ ಕಳಿಸ್ತಿದ್ರು. ಒಬ್ಬರ ಕೆಲಸ ಹೋದ್ರೆ ಸಾಕು ಬಿಡು."

ಪ್ರಶ್ನೆಯಕ್ಕನಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ತಪ್ಪು ತನ್ನ ಬುಡಕ್ಕೆ ಬಂದಾಗ ಯಾರಿಗೆ ತಾನೇ ಮೊದಲು ಸಿಟ್ಟು ಬರುವುದಿಲ್ಲ? "ಹಾಗಾದ್ರೆ ನಾನು ಅಷ್ಟು ಕೇಳಿದಾಗ ಬಾಯಲ್ಲೇನು ಕಡುಬಿಟ್ಕೊಂಡಿದ್ಯಾ? ಅವತ್ತೇ ಹೇಳೋಕೆ ಏನಾಗಿತ್ತು?"

ಅಣ್ಣ ಅಂಗಿ ಹಿಂಡುವುದನ್ನು ನಿಲ್ಲಿಸಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ಕೇಳಿದ್ದೆಲ್ಲೇ ಪುಟ್ಟಿ? ನೀನು ಸಮಾಧಾನ ಮಾಡಿದೆ. ಅಷ್ಟು ಪ್ರೀತಿಯಿಂದ ಸಮಾಧಾನ ಮಾಡೋರ ಮುಖ ನೋಡ್ಕೊಂಡು, ಇಲ್ಲ, ನಂಗೆ ಸಮಾಧಾನ ಆಗ್ಲಿಲ್ಲ ಅಂತ ಹೇಗೆ ಹೇಳೋದು?"

ನಲ್ಲಿ ತೊಟ್ಟಿಕ್ಕುತ್ತಿತ್ತು. ಪ್ರಶ್ನೆಯಕ್ಕ ಅದನ್ನೇ ನೋಡುತ್ತಾ ಕೂತಳು. ಬೆರಳು ಗಟ್ಟಿಯಾಗಿದ್ದ ಆ ಗಂಟಲುರಿಯ ಹೆಂಗಸು ಕಣ್ಣಿಗೆ ಕಟ್ಟಿದಳು. ಪರದೆ ಹಿಡಿದು ಅಷ್ಟು ಹೊತ್ತು ನಿಂತಿದ್ದು ಯಾಕೆ? ನೀವು ತುಂಬಾ ಒಳ್ಳೇವರು ಎಂದದ್ದು ಯಾಕೆ? ಹೊಟ್ಟೆ ತುಂಬದಿದ್ದರೂ ಬಡಿಸುವವರ ಮುಖ ನೋಡಿ "ಸಾಕು ಸಾಕು" ಎನ್ನುವ ನೆಂಟರ ಹಾಗೆ, ಆಕೆ ತನ್ನ ಭಯವನ್ನು ಎತ್ತಿಕೊಂಡು ಎದ್ದು ಹೋಗಿದ್ದಳು. ಆಕೆಯೊಬ್ಬಳೇ ಅಲ್ಲ. ಆ ಕುರ್ಚಿಯಲ್ಲಿ ಕೂತೆದ್ದ ಎಷ್ಟೋ ಜನ. ಎಲ್ಲರನ್ನೂ ತಾನು ಕೈ ಮುಟ್ಟಿ, ನಕ್ಕು, ಬಾಯಿ ಹೊಲಿದು ಕಳಿಸಿದ್ದೆ ಎಂದು ಅವಳಿಗೆ ಆಗ ಹೊಳೆಯಿತು.

ಮರುದಿನ ಬೆಳಿಗ್ಗೆ ಅವಳು ನೇರ ದೊಡ್ಡ ಡಾಕ್ಟರ ಕೋಣೆಗೆ ಹೋದಳು. ಅವರು ಕೂರು ಎಂದರೂ ಕೂರಲಿಲ್ಲ.

"ಸಾರ್, ನಮ್ಮಣ್ಣನ ಹಾಳೆ ಅವನದ್ದಲ್ಲ, ನನ್ನದು. ಅವನು ಹೇಳೋದಕ್ಕೆ ಮುಂಚೆ ನಾನೇ ಹೇಳಿ ಬರ್ಕೊಂಡೆ. ಒಂದು ಪ್ರಶ್ನೆಯಂತೂ ಕೇಳಲೇ ಇಲ್ಲ. ಅವನೊಬ್ಬನದ್ದೇ ಅಲ್ಲ, ಎಲ್ಲರದ್ದೂ ಹಾಗೇ ಮಾಡಿದ್ದೀನಿ. ಸಂಕಟಪಡೋರನ್ನ ನೋಡೋಕೆ ಆಗಲ್ಲ ಸಾರ್ ನಂಗೆ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. "ನಿಮ್ಮ ಕೋಣೆಯಿಂದ ಬರೋ ಮೊತ್ತಗಳೆಲ್ಲ ಕಡಿಮೆ ಇರ್ತಿದ್ವು," ಎಂದರು ನಿಧಾನವಾಗಿ. "ನಮ್ಮ ಜನ ಗಟ್ಟಿ ಅಂದ್ಕೊಂಡು ನಾನೂ ಖುಷಿಪಟ್ಟೆ. ಒಂದು ದಿನವಾದ್ರೂ ಬಂದು ಬಾಗಿಲ ಹತ್ತಿರ ನಿಂತು ಕೇಳಿಸ್ಕೋಬೇಕಿತ್ತು."

ಆಮೇಲೆ ಆಗಬೇಕಾದ್ದನ್ನು ಹೇಳಿದರು. ಅವಳ ಕೋಣೆಯ ಹಾಳೆಗಳನ್ನೆಲ್ಲ ಪಕ್ಕಕ್ಕಿಟ್ಟು, ಆ ಜನರನ್ನು ಮತ್ತೆ ಕರೆಸಬೇಕು. ಅಣ್ಣ ಕುಡಿದಿರಲಿಲ್ಲ, ಅವನ ತೊಂದರೆಯನ್ನು ಆಸ್ಪತ್ರೆಯೇ ಸರಿಯಾಗಿ ಕೇಳಿರಲಿಲ್ಲ ಎಂದು ಡಿಪೋಗೆ ತಾವೇ ಬರೆಯುತ್ತಾರೆ; ಅವನು ಸದ್ಯಕ್ಕೆ ಗಾಡಿ ಓಡಿಸುವ ಹಾಗಿಲ್ಲ, ಡಿಪೋದ ಒಳಗಿನ ಕೆಲಸ ಕೊಡಲಿ. ಅವಳು ಸ್ವಲ್ಪ ಕಾಲ ಚೀಟಿ ಕೊಡುವ ಕೌಂಟರಿನಲ್ಲಿ ಕೂರಬೇಕು. "ಹೋಗೋ ಮುಂಚೆ ನಿಮ್ಮ ಅಣ್ಣನನ್ನ ಡಾಕ್ಟರಮ್ಮನ ಹತ್ತಿರ ಕರ್ಕೊಂಡು ಬನ್ನಿ," ಎಂದರು. ಪ್ರಶ್ನೆಯಕ್ಕ ಎಲ್ಲದಕ್ಕೂ ತಲೆಯಾಡಿಸಿದಳು. ಕೋಣೆ ಕೈ ತಪ್ಪಿದ್ದಕ್ಕೆ ಅವಳಿಗೆ ದುಃಖವಾಯಿತು, ಸುಳ್ಳು ಹೇಳುವುದೇಕೆ? ಆದರೆ ಅದು ಅಂಥ ದೊಡ್ಡ ದುಃಖವಲ್ಲ ಎಂದೂ ಗೊತ್ತಿತ್ತು.

ಅಣ್ಣನನ್ನು ಒಪ್ಪಿಸಲು ಅವಳು ಒಂದೇ ಮಾತು ಹೇಳಿದಳು. "ನಾನು ಹೋಗಿ ಎಲ್ಲಾ ಹೇಳಿಬಿಟ್ಟಿದ್ದೀನಿ. ಇನ್ನು ನನ್ನನ್ನ ಉಳಿಸೋಕೆ ನೀನು ಕುಡುಕನಾಗಬೇಕಾಗಿಲ್ಲ." ಅಣ್ಣ ಎದ್ದು ಒಳಗೆ ಹೋದ. ಆಮೇಲೆ ಒಗೆದ ಅಂಗಿ ಹಾಕಿಕೊಂಡು ಬಂದ.

ಮಹಡಿಯ ಮೇಲಿನ ಕೋಣೆಯಲ್ಲಿ ಡಾಕ್ಟರಮ್ಮ ಹಾಳೆಯನ್ನೂ ಪೆನ್ನನ್ನೂ ಅಣ್ಣನ ಮುಂದಿಟ್ಟು, "ನೀವೇ ಓದಿ, ನೀವೇ ಗುರುತು ಹಾಕಿ. ಅವಸರ ಇಲ್ಲ," ಎಂದರು. ಪ್ರಶ್ನೆಯಕ್ಕ ಹೊರಗೆ ಹೋಗಲು ಎದ್ದಳು.

"ಅವಳು ಇರಲಿ," ಎಂದ ಅಣ್ಣ.

ಡಾಕ್ಟರಮ್ಮ ಇಬ್ಬರನ್ನೂ ನೋಡಿದರು. "ಇರಲಿ. ಆದರೆ ಮುಗಿಯೋವರೆಗೆ ಬಾಯಿ ತೆರೆಯೋ ಹಾಗಿಲ್ಲ."

ಅವಳು ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತು, ಎರಡು ಕೈಗಳನ್ನೂ ತೊಡೆಯ ಕೆಳಗೆ ಸೇರಿಸಿಕೊಂಡಳು. ಅಣ್ಣ ಕನ್ನಡಕ ಏರಿಸಿ, ಶಾಲೆಯ ಹುಡುಗನ ಹಾಗೆ ಅಕ್ಷರದ ಕೆಳಗೆ ಬೆರಳಿಟ್ಟು, ಗಟ್ಟಿಯಾಗಿ ಓದತೊಡಗಿದ. "ಈ ತೊಂದರೆಯ ಬಗ್ಗೆ ದಿನಾ ಎಷ್ಟು ಯೋಚಿಸುತ್ತೀರಿ." ಪೆನ್ನು ಚೌಕಗಳ ಮೇಲೆ ಓಡಾಡಿತು. "ಬಹಳ," ಎಂದು ಗುರುತು ಹಾಕಿದ. "ದೊಡ್ಡ ಕಾಯಿಲೆ ಎಂದು ಎಷ್ಟು ಭಯವಾಗುತ್ತದೆ." ಈ ಸಲ ಪೆನ್ನು ಓಡಾಡಲಿಲ್ಲ. "ವಿಪರೀತ." ಹಾಗೇ ಒಂದೊಂದೇ, ಒಂದೊಂದೇ. ಪ್ರತಿ ಸಲವೂ ಪ್ರಶ್ನೆಯಕ್ಕನ ಗಂಟಲಿಗೆ ಒಂದು ಅಯ್ಯೋ ಬಂದು ನಿಲ್ಲುತ್ತಿತ್ತು. ಎದ್ದು ಹೋಗಿ ಆ ಪೆನ್ನು ಕಿತ್ತುಕೊಳ್ಳಬೇಕು, ಅಷ್ಟೆಲ್ಲ ಇಲ್ಲಣ್ಣ ಅನ್ನಬೇಕು ಎಂದು ಮೈಯೆಲ್ಲ ತುಡಿಯುತ್ತಿತ್ತು.

ಕೊನೆಯ ಸಾಲಿಗೆ ಬಂದಾಗ ಅಣ್ಣ ಮನಸ್ಸಿನಲ್ಲೇ ಒಮ್ಮೆ ಓದಿಕೊಂಡ. ಆಮೇಲೆ ತಲೆಯೆತ್ತಿದ. "ಇದನ್ನ ಹೋದ ಸಲ ನೀನು ಓದಲೇ ಇಲ್ಲವಲ್ಲೇ?"

ಅವಳು ಇಲ್ಲ ಎಂದು ತಲೆಯಾಡಿಸಿದಳು.

"ನಿಮ್ಮ ಭಯವನ್ನು ಹತ್ತಿರದವರ ಬಳಿ ಹೇಳಿಕೊಳ್ಳಲು ಎಷ್ಟು ಕಷ್ಟವಾಗುತ್ತಿದೆ," ಎಂದು ಅವನು ಅವಳಿಗಾಗಿ ಗಟ್ಟಿಯಾಗಿ ಓದಿದ. ಕೊನೆಯ ಚೌಕದಲ್ಲಿ ಗುರುತು ಹಾಕಿದ. ಪೆನ್ನಿನ ಮುಚ್ಚಳ ಹಾಕಿ, ಹಾಳೆಯನ್ನು ಡಾಕ್ಟರಮ್ಮನ ಕಡೆ ತಳ್ಳಿದ.

ಡಾಕ್ಟರಮ್ಮ ಹಾಳೆಯ ಮೇಲೆ ಕಣ್ಣಾಡಿಸಿ, ಅದನ್ನು ಬೋರಲು ಹಾಕಿ, "ಈಗ ನೀವು ಮಾತಾಡಬಹುದು," ಎಂದು ಪ್ರಶ್ನೆಯಕ್ಕನಿಗೆ ಹೇಳಿದರು.

ಅವಳು ತೊಡೆಯ ಕೆಳಗಿನಿಂದ ಕೈಗಳನ್ನು ತೆಗೆದಳು. "ಅವತ್ತು ನೀನು ಏನೋ ಹೇಳ್ತಿದ್ದೆ. ಸೇತುವೆ ಹತ್ತೋವಾಗ ಏನಾಗುತ್ತೆ ಅಂದ್ರೆ, ಅಂತ. ಏನಾಗುತ್ತೆ ಅಣ್ಣಾ?"

ಅಣ್ಣ ತನ್ನ ಕೈಗಳನ್ನು ನೋಡಿಕೊಂಡ. "ಅಪ್ಪ ಹೋಗಿದ್ದು ನೀನು ನೋಡಿಲ್ಲ. ನಾನು ಪಕ್ಕದಲ್ಲೇ ಇದ್ದೆ. ಕೆಲಸಕ್ಕೆ ಹೊರಟಿದ್ರು, ಅಂಗಿ ಗುಂಡಿ ಹಾಕ್ಕೊಳ್ತಿದ್ರು. ಗಂಟೆ ಎಷ್ಟಾಯ್ತು ನೋಡೋ ಅಂದ್ರು. ನಾನು ಗಡಿಯಾರ ನೋಡಿ ತಿರುಗೋಷ್ಟರಲ್ಲಿ ಬಿದ್ದಿದ್ರು. ಅಷ್ಟೇ. ಒಂದು ಕೂಗಿಲ್ಲ, ನರಳಿಲ್ಲ. ಈ ವರ್ಷ ನಂಗೆ ಅವರ ವಯಸ್ಸು."

ಅವನು ನಿಲ್ಲಿಸಿದ. ಪೆನ್ನನ್ನು ಮೇಜಿನ ಮೇಲೆ ಒಮ್ಮೆ ಉರುಳಿಸಿ ಮತ್ತೆ ಶುರು ಮಾಡಿದ.

"ಸೇತುವೆ ಹತ್ತೋವಾಗ ಕನ್ನಡಿ ನೋಡ್ತೀನಲ್ಲ, ಹಿಂದೆ ಜನ ಕಾಣ್ತಾರೆ. ತೂಕಡಿಸೋರು, ಮಗೂನ ತೊಡೆ ಮೇಲೆ ಕೂರಿಸ್ಕೊಂಡೋರು. ಕಣ್ಣು ರಸ್ತೆ ಕಡೆ ತಿರುಗಿಸೋಷ್ಟರಲ್ಲಿ ನಾನಿರಲ್ಲ ಅನ್ನಿಸುತ್ತೆ ಪುಟ್ಟಿ. ನಾನು ಹೋದ್ರೆ ಹೋಗ್ಲಿ. ಇವರೆಲ್ಲ ನನ್ನ ಜೊತೆ ನೀರಿಗೆ ಬೀಳ್ತಾರೆ ಅನ್ನಿಸುತ್ತೆ. ಆಗ ಎದೆ ಹೊಡ್ಕೊಳ್ಳೋಕೆ ಶುರುವಾಗುತ್ತೆ."

ಏನೂ ಆಗಲ್ಲ, ಸುಮ್ನಿರು. ಆ ಮಾತು ಅವಳ ನಾಲಗೆಯ ತುದಿಗೆ ಬಂದು ಕೂತಿತ್ತು. ಅವನೇ ಕೊಟ್ಟ ಮಾತು, ಅವನ ಹೆಗಲ ಮೇಲೆ ಕಲಿತ ಮಾತು. ಅಂದು ಹಿತ್ತಿಲಿನಲ್ಲಿ ತನ್ನ ಬೆನ್ನು ತಟ್ಟುತ್ತಿದ್ದಾಗ ಅವನಿಗೂ ಹೆದರಿಕೆಯಾಗಿತ್ತೇನೋ. ಅವನನ್ನು ಯಾರೂ ಕೇಳಿರಲಿಲ್ಲ. ಪ್ರಶ್ನೆಯಕ್ಕ ಬೆಂಚಿನಿಂದೆದ್ದು ಬಂದು ಅಣ್ಣನ ಪಕ್ಕದ ಕುರ್ಚಿಯಲ್ಲಿ ಕೂತಳು. ಕೈ ಹಿಡಿಯಲಿಲ್ಲ. ಆ ಮಾತನ್ನು ನುಂಗಿಕೊಂಡಳು.

"ಆಮೇಲೆ?" ಎಂದಳು.